ಬೀಜದೊಳಗಿನ ಬಲ

ಹೂಬಿಟ್ಟು ಕಾಯಿಕಟ್ಟುವ ಹೊತ್ತಿನಲ್ಲಿ, ನೆಲದಲ್ಲಿ ತೇವವಿದ್ದರೂ ತೊಗರಿಯ ಗಿಡ ಬಾಡಿ ನಿಲ್ಲುವುದುಂಟು. ಇದೇ ಸೊರಗು ರೋಗ. ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರುವ ಶಿಲೀಂಧ್ರವೊಂದು ಬೇರಿನ ಮೂಲಕ ಒಳಹೊಕ್ಕು, ನೀರು ಏರುವ ನಾಳಗಳನ್ನು ಮುಚ್ಚಿಬಿಡುತ್ತದೆ. ಎಲೆಗೆ ಸಿಂಪಡಿಸಿದ ಔಷಧ ಬೇರಿನ ಶತ್ರುವನ್ನು ಮುಟ್ಟುವುದೆಂತು? ತಡೆಯುವ ಬಲ ಗಿಡದ ಹುಟ್ಟಿನಲ್ಲಿಯೇ ಇರಬೇಕು.

ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ತೊಗರಿಯನ್ನು ರೋಗವಿರುವ ಮಣ್ಣಿನಲ್ಲಿ ಬೇಕೆಂದೇ ಬೆಳೆಸಿ, ಬದುಕುಳಿದುದನ್ನು ಆಯ್ದರು. ಹಾಗೆ ದೊರೆತ ‘ಮಾರುತಿ’ ತಳಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ತೊಗರಿಯ ಕಣಜವಾದ ಕಲಬುರಗಿಯ ಹೊಲಗಳಲ್ಲಿ ಬೇರೂರಿತು. ಅದರ ಮೂಲ ರೈತರೇ ಕಾಪಾಡಿಕೊಂಡು ಬಂದ ನಾಡತಳಿ. ಪಾಲಹಳ್ಳಿಯಲ್ಲಾಗಲಿ, ಕಲಬುರಗಿಯಲ್ಲಾಗಲಿ, ಮಡಕೆಯಲ್ಲಿ ಬೂದಿ ಬೆರಸಿಟ್ಟ ಹಳೆಯ ಬೀಜವನ್ನು ಕಸವೆಂದು ಎಸೆಯುವವರು ಇದನ್ನು ನೆನೆಯಬೇಕು. ಹೊಲವೆಲ್ಲ ಒಂದೇ ತಳಿಯಾಗುವುದೂ ವಿವೇಕವಲ್ಲ. ಸೊರಗನ್ನು ಎದುರಿಸಿ ನಿಂತ ಮಾರುತಿಯೇ, ನುಸಿ ಹರಡುವ ಗೊಡ್ಡು ರೋಗಕ್ಕೆ ಸುಲಭವಾಗಿ ಬಲಿಯಾಗುತ್ತದೆ. ಆಗ ಹೂವಿಲ್ಲ, ಕಾಯಿಲ್ಲ, ಬರಿಯ ಸೊಪ್ಪು.