ಗೋಕಾಕದ 75 ಕೋಟಿಯ ಪಾಠ ಬರೆಯೋಕೆ ಯಾರು ದುಡ್ಡು ಹಾಕ್ತಾರೆ?

2024ರ ಅಕ್ಟೋಬರ್‌ನಲ್ಲಿ ಗೋಕಾಕದ ಮಹಾಲಕ್ಷ್ಮೀ ಸಹಕಾರಿ ಬ್ಯಾಂಕಿನ ಸುಮಾರು 75 ಕೋಟಿ ರೂಪಾಯಿ ಅವ್ಯವಹಾರದ ಪ್ರಕರಣ ಹೊರಗೆ ಬಂತು. ಬ್ಯಾಂಕಿನ ದೂರಿನ ಪ್ರಕಾರ ಆರೋಪಿಗಳಲ್ಲಿ ಅದರದೇ ಸಿಬ್ಬಂದಿ ಇದ್ದರು. ಸಣ್ಣ ಠೇವಣಿ ತೋರಿಸಿ ಅದರ ಹಲವು ಪಟ್ಟು ಸಾಲ ಎತ್ತಿದರು ಅನ್ನೋದು ಆರೋಪದ ತಿರುಳು. ಯಾರು ತಪ್ಪಿತಸ್ಥರು ಅನ್ನೋದನ್ನ ಕೋರ್ಟು ಹೇಳಲಿ. ನನ್ನನ್ನು ಕಾಡೋ ಪ್ರಶ್ನೆ ಬೇರೆ. ಠೇವಣಿಯ ಮೇಲಿನ ಸಾಲ ಠೇವಣಿಗಿಂತ ದೊಡ್ಡದಾಗಬಾರದು ಅನ್ನೋ ಷರತ್ತನ್ನ ಇಂಜಿನಿಯರಿಂಗ್ ಮೊದಲ ವರ್ಷದ ಹುಡುಗ ಒಂದೇ ಸಾಲಿನಲ್ಲಿ ಬರೆದುಕೊಡ್ತಾನೆ. ಹಾಗಿದ್ದೂ ಇದು ಯಾರ ಕಣ್ಣಿಗೂ ಬೀಳದೆ 75 ಕೋಟಿ ತನಕ ಬೆಳೆಯೋದು ಹೇಗೆ?

ವರ್ಷಕ್ಕೊಮ್ಮೆ ಬರುವ ಶಾಸನಬದ್ಧ ಆಡಿಟ್ ಆಗಿಹೋದದ್ದರ ಲೆಕ್ಕ ನೋಡುತ್ತದೆ. ಇಂಟರ್ನಲ್ ಆಡಿಟ್ ಅಂದರೆ ಸಂಸ್ಥೆಯೊಳಗೇ ಕೂತು, ವರ್ಷಪೂರ್ತಿ, ದುಡ್ಡು ಯಾವ ಬಾಗಿಲಿಂದ ಜಾರಬಹುದು ಅಂತ ಹುಡುಕುವ ಕೆಲಸ. ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 138ನೇ ಕಲಂ ಇದನ್ನ ಕಡ್ಡಾಯ ಮಾಡಿದೆ. ಶೇರುಪೇಟೆಯಲ್ಲಿರುವ ಎಲ್ಲ ಕಂಪನಿಗಳಿಗೆ, ಉಳಿದವುಗಳಲ್ಲಿ ಒಂದು ಗಾತ್ರ ದಾಟಿದವಕ್ಕೆ. ಅರ್ಬನ್ ಸಹಕಾರಿ ಬ್ಯಾಂಕುಗಳ ವಿಷಯಕ್ಕೆ ಬಂದರೆ, ಅಪಾಯ ಆಧಾರಿತ ಇಂಟರ್ನಲ್ ಆಡಿಟ್ ಮಾಡಿಸಿ ಅಂತ ಆರ್‌ಬಿಐ 2021ರ ಫೆಬ್ರವರಿಯಲ್ಲಿ ಹೇಳಿದ್ದು 500 ಕೋಟಿ ಮತ್ತು ಅದಕ್ಕಿಂತ ಹೆಚ್ಚು ಆಸ್ತಿ ಇರುವವಕ್ಕೆ ಮಾತ್ರ. ಇನ್ನು ಘಟಪ್ರಭಾ, ಮೂಡಲಗಿ, ಸಂಕೇಶ್ವರದ ಪೇಟೆಯಲ್ಲಿ ಬೋರ್ಡು ಹಾಕಿಕೊಂಡಿರೋ ಪತ್ತಿನ ಸಂಘಗಳು, ಸೌಹಾರ್ದಗಳು ಬ್ಯಾಂಕುಗಳೇ ಅಲ್ಲ. ಆರ್‌ಬಿಐ ಕೈ ಅಲ್ಲಿಗೆ ಮುಟ್ಟೋದಿಲ್ಲ.

ಇಲ್ಲಿಗೆ ಬರುತ್ತೆ ‘ಮ್ಯಾಚಿಂಗ್ ಗ್ರಾಂಟ್’ ಅನ್ನೋ ಐಡಿಯಾ. ಈ ವೃತ್ತಿಗೆ ಜಾಗತಿಕ ಸಂಸ್ಥೆಯೊಂದಿದೆ, ಐಐಎ ಅಂತ, 1941ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದು. ಸಂಶೋಧನೆಗೇ ಅಂತ 1976ರಲ್ಲಿ ಅದು ಪ್ರತ್ಯೇಕ ಪ್ರತಿಷ್ಠಾನ ಕಟ್ಟಿತು. ಸ್ಥಳೀಯರು ತಮ್ಮ ಊರಿನ ಸಮಸ್ಯೆ ಮೇಲೆ ಸಂಶೋಧನೆಗೆ ಒಂದು ರೂಪಾಯಿ ಎತ್ತಿದರೆ ಮೇಲಿನ ಸಂಸ್ಥೆ ಇನ್ನೊಂದು ರೂಪಾಯಿ ಸೇರಿಸುತ್ತೆ, ಐಡಿಯಾ ಇಷ್ಟೇ. ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಕೂತಾಗ ಟನ್ನಿಗೆ 3,300 ರೂಪಾಯಿ ಅಂತ ತೀರ್ಮಾನ ಆಗಿದ್ದು ಹೇಗೆ? ಕಾರ್ಖಾನೆ 50 ಹಾಕಲಿ, ಸರ್ಕಾರ 50 ಹಾಕ್ತದೆ. ಅದೇ ಸೂತ್ರ. ಅದಕ್ಕೆ ಹೆದ್ದಾರಿ ತಡೆ ಬೇಕಾಯ್ತು ಅನ್ನೋದು ಬೇರೆ ಮಾತು.

ಸ್ಥಳೀಯ ಸಂಶೋಧನೆಯೇ ಯಾಕೆ ಬೇಕು, ಅಂತರರಾಷ್ಟ್ರೀಯ ಮಾನದಂಡ ಸಾಲದಾ ಅಂತ ಕೇಳಬಹುದು. ಐಐಎ ಹೊಸ ಮಾನದಂಡಗಳು 2025ರ ಜನವರಿಯಿಂದ ಜಾರಿಯಲ್ಲಿವೆ, ಚೆನ್ನಾಗೇ ಇವೆ. ಅವು ‘ನಿರ್ದೇಶಕ ಮಂಡಳಿಗೆ ನೇರವಾಗಿ ವರದಿ ಮಾಡಿ’ ಅನ್ನುತ್ತವೆ. ಸರಿ, ಆದರೆ ಇಲ್ಲಿನ ಮಂಡಳಿ ಅಂದರೆ ಏನು? ಹುಕ್ಕೇರಿಯನ್ನೇ ನೋಡಿ. 1969ರಲ್ಲಿ ಅಮೆರಿಕದ ನೆರವಿನೊಂದಿಗೆ ದೇಶದ ಐದು ಕಡೆ ಪ್ರಾಯೋಗಿಕವಾಗಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿದರು. ಸಿರ್ಸಿಲ್ಲ, ಕೋಡಿನಾರ್, ಮುಳಾ-ಪ್ರವರಾ, ಲಖನೌ, ಮತ್ತೆ ನಮ್ಮ ಹುಕ್ಕೇರಿ. ಮುಳಾ-ಪ್ರವರಾ 2011ರಲ್ಲಿ ಲೈಸೆನ್ಸ್ ಕಳಕೊಂಡಿತು. ಹುಕ್ಕೇರಿಯದು ಇವತ್ತಿಗೂ ಮನೆಮನೆಗೆ ಕರೆಂಟ್ ಕೊಡುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ಆಡಳಿತ ಮಂಡಳಿ ಚುನಾವಣೆಗೆ ಸಚಿವ ಸತೀಶ ಜಾರಕಿಹೊಳಿ ಒಂದು ಕಡೆ, ಮಾಜಿ ಸಂಸದ ರಮೇಶ ಕತ್ತಿ ಇನ್ನೊಂದು ಕಡೆ ನಿಂತರು, ವಿಧಾನಸಭೆ ಚುನಾವಣೆ ಥರ. ಕತ್ತಿ ಬಣ ಗೆದ್ದಿತು. ಬೆನ್ನಲ್ಲೇ ಡಿಸಿಸಿ ಬ್ಯಾಂಕ್ ಚುನಾವಣೆ. ಯಾವ ಬಣ ಸರಿ ಅನ್ನೋ ಚರ್ಚೆ ನನಗೆ ಬೇಡ. ಇಂಥ ಮಂಡಳಿಯಲ್ಲಿ ತಿಂಗಳ ಸಂಬಳಕ್ಕಿರುವ ಒಬ್ಬ ಇಂಟರ್ನಲ್ ಆಡಿಟರ್ ‘ಸಾಹೇಬ್ರ, ಈ ವಸೂಲಿ ಲೆಕ್ಕ ತಾಳೆ ಆಗವಲ್ದು’ ಅಂತ ಯಾರಿಗೆ ಹೇಳಬೇಕು? ಫ್ಲೋರಿಡಾದಲ್ಲಿ ಕೂತವರು ಇದಕ್ಕೆ ಉತ್ತರ ಬರೆದು ಕಳಿಸೋದಿಲ್ಲ.

ಇನ್ನೂ ಪ್ರಶ್ನೆಗಳಿವೆ. ಕಬ್ಬಿನ ಬಿಲ್ಲಿನಿಂದ ಸೊಸೈಟಿ ಸಾಲ ಕಡಿತವಾಗಿ ಸದಸ್ಯನ ಖಾತೆಗೆ ಜಮಾ ಆಗೋವರೆಗೆ ಎಷ್ಟು ದಿನ, ಎಷ್ಟು ಕೈ? ತೂಕದ ಕಟ್ಟೆಯ ದತ್ತಾಂಶವನ್ನು ಬಿಲ್ಲಿನ ಜೊತೆ ತಾಳೆ ನೋಡೋದು ಯಾರ ಕೆಲಸ? ಕೃಷಿ ಪತ್ತಿನ ಸಂಘಗಳ ಕಂಪ್ಯೂಟರೀಕರಣಕ್ಕೆ ಕೇಂದ್ರ 2022ರಲ್ಲಿ 2,516 ಕೋಟಿಯ ಯೋಜನೆ ಒಪ್ಪಿತು. ಸಾಫ್ಟ್‌ವೇರ್ ಬಂದ ಮೇಲೆ, ರಾತ್ರಿ ಒಂಬತ್ತಕ್ಕೆ ಯಾರ ಪಾಸ್‌ವರ್ಡ್‌ನಿಂದ ಯಾವ ಸಾಲ ಮಂಜೂರಾಯ್ತು ಅನ್ನೋ ಲಾಗ್ ಓದೋರು ಯಾರು? ಗದಗದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದ ನಾಡು ಇದು. ಇಂಥವನ್ನ ಇಲ್ಲೇ ಅಧ್ಯಯನ ಮಾಡದೆ ಇನ್ನೆಲ್ಲಿ ಮಾಡೋದು?

ದುಡ್ಡು ಇಲ್ಲ ಅಂತ ಮಾತ್ರ ಹೇಳಬೇಡಿ. ಲಾಭ ಮಾಡುವ ಸಹಕಾರ ಸಂಘಗಳು ನಿವ್ವಳ ಲಾಭದ ಒಂದು ಪಾಲನ್ನು ಸಹಕಾರ ಶಿಕ್ಷಣ ನಿಧಿಗೆ ಕಟ್ಟುತ್ತವೆ. ಗಡಿಯಾಚೆಯೂ ಶಾಖೆ ಇರುವ ಬಹುರಾಜ್ಯ ಸಂಘಗಳು 2002ರ ಕಾಯ್ದೆ ಪ್ರಕಾರ ಶೇ. 1ರಷ್ಟನ್ನು ಇಂಥದೇ ನಿಧಿಗೆ ಕೊಡುತ್ತವೆ. ಆ ದುಡ್ಡು ಮೇಲಕ್ಕೆ ಹೋಗಿದೆ, ಅದರ ಒಂದು ತುಣುಕು ಷರತ್ತಿನ ಮೇಲೆ ಕೆಳಗೆ ಬರಲಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸಂಘಗಳು ಸೇರಿ ಎಷ್ಟು ಎತ್ತುತ್ತವೋ ಅಷ್ಟನ್ನೇ ನಿಧಿ ಸೇರಿಸಲಿ. ಅಧ್ಯಯನ ಮಾಡೋಕೆ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿವಿ ಇದೆ, ವಿಟಿಯು ಇದೆ. ಕಾಮರ್ಸ್ ಹುಡುಗರೂ ಕಂಪ್ಯೂಟರ್ ಹುಡುಗರೂ ಒಂದೇ ಮೇಜಿಗೆ ಕೂರಬೇಕಾದ ಕೆಲಸ ಇದು.

ಈ ಸೂತ್ರದಲ್ಲಿ ಒಂದು ದೊಡ್ಡ ತೂತಿದೆ. ಅರ್ಧ ದುಡ್ಡು ಹಾಕಿದವನು ಪೂರ್ತಿ ವರದಿಯನ್ನ ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳೋ ಸಾಧ್ಯತೆ. ಪರಿಶೀಲನೆಗೆ ಒಳಪಡುವ ಸಂಘವೇ ಹಣ ಕೊಟ್ಟರೆ ಸಂಶೋಧಕ ಏನು ಬರೀತಾನೆ ಅಂತ ಊಹಿಸೋಕೆ ಪಿಎಚ್‌ಡಿ ಬೇಡ. ಹಾಗಾಗಿ ನನಗೆ ಇದು ಒಪ್ಪಿಗೆ ಆಗೋದು ಎರಡು ಷರತ್ತಿನ ಮೇಲೆ. ಸ್ಥಳೀಯ ಹಣ ಒಂದೇ ಸಂಘದ್ದಾಗಿರಬಾರದು, ಹಲವರದ್ದಾಗಿರಬೇಕು. ಮತ್ತೆ ವರದಿ ಕನ್ನಡದಲ್ಲಿ ಪ್ರಕಟವಾಗಲೇಬೇಕು, ತಡೆಯುವ ಹಕ್ಕು ದುಡ್ಡು ಕೊಟ್ಟವರಿಗೆ ಇರಕೂಡದು. ಈ ಎರಡನೆಯದಕ್ಕೆ ಒಪ್ಪದ ಸಂಘದ ದುಡ್ಡನ್ನ ಮುಟ್ಟಲೇಬಾರದು.

2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಮೇಲೆ ಆರ್‌ಬಿಐ ನಿರ್ಬಂಧ ಹಾಕಿದಾಗ ಠೇವಣಿದಾರರಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯೋಕೆ ಆಗಲಿಲ್ಲ. ರಾಜಧಾನಿಯ ಬ್ಯಾಂಕು, ಹಾಗಾಗಿ ಟಿವಿ ಕ್ಯಾಮೆರಾ ಬಂದವು. ಅರಭಾವಿಯ ಪತ್ತಿನ ಸಂಘಕ್ಕೆ ಹಾಗಾದರೆ ಯಾರು ಬರ್ತಾರೆ?

ಸೆಪ್ಟೆಂಬರ್ ಹೊತ್ತಿಗೆ ನಿಮ್ಮೂರ ಸಂಘದ ವಾರ್ಷಿಕ ಮಹಾಸಭೆ ಇರುತ್ತೆ. ಅಪ್ಪನ ಹೆಸರಲ್ಲೋ ನಿಮ್ಮ ಹೆಸರಲ್ಲೋ ಒಂದು ಶೇರು ಇದ್ದೇ ಇರುತ್ತೆ. ಊಟಕ್ಕೆ ಏಳೋ ಮೊದಲು ಸದಸ್ಯರ ಕಡೆಯಿಂದ ಒಂದು ಪ್ರಶ್ನೆ ಹೋಗಲಿ: ಶಿಕ್ಷಣ ನಿಧಿಗೆ ಈ ವರ್ಷ ಎಷ್ಟು ಕಟ್ಟಿದಿರಿ, ಇಂಟರ್ನಲ್ ಆಡಿಟ್‌ಗೆ ಎಷ್ಟು ಖರ್ಚು ಮಾಡಿದಿರಿ? ಎರಡೂ ಅಂಕಿಯನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ.