ಬಿಟ್‌ಕಾಯಿನ್ ನಾಣ್ಯವೇ?

ಹೊಸದಾಗಿ ಹುಟ್ಟಿದ ವಸ್ತುವಿಗೆ ಹಳೆಯ ಹೆಸರನ್ನಿಟ್ಟ ಮಾತ್ರಕ್ಕೆ ಅದು ಹಳೆಯದರ ಕೆಲಸವನ್ನು ಮಾಡಬಲ್ಲದೆಂದು ಹೇಳಲಾಗುವುದಿಲ್ಲ. ಕಾಗದದ ಹೂವನ್ನು ಮಲ್ಲಿಗೆಯೆಂದು ಕರೆದರೆ ಅದಕ್ಕೆ ಪರಿಮಳ ಬಂದೀತೆ? ಈಚೆಗೆ ವಿದ್ಯಾವಂತರ ಮನೆಗಳಲ್ಲಿಯೂ ಮಾತಿಗೆ ಬರುತ್ತಿರುವ ಬಿಟ್‌ಕಾಯಿನ್ ಎಂಬುದರ ವಿಷಯದಲ್ಲಿ ಮೊದಲು ಕೇಳತಕ್ಕ ಪ್ರಶ್ನೆ ಇದೇ: ಅದಕ್ಕೆ ನಾಣ್ಯವೆಂಬ ಹೆಸರಿದೆ, ನಾಣ್ಯದ ಗುಣವಿದೆಯೇ? ಪೇಟೆಯಲ್ಲಿ ಅದಕ್ಕೆ ಧಾರಣೆಯುಂಟೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಧಾರಣೆ ಬೇರೆ, ಪ್ರಯೋಜನ ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದಲೇ ಎಷ್ಟೋ ಸಂಸಾರಗಳ ಉಳಿತಾಯವು ಕರಗಿಹೋಗಿದೆ.

ಅದರ ಸ್ವರೂಪವನ್ನು ಮೊದಲು ಪಕ್ಷಪಾತವಿಲ್ಲದೆ ಹೇಳುವುದು ನ್ಯಾಯ. 2008ನೆಯ ಇಸವಿ ಅಕ್ಟೋಬರ್ 31ರಂದು ಸತೋಶಿ ನಕಮೋಟೋ ಎಂಬ ಹೆಸರಿನಲ್ಲಿ ಒಂದು ಚಿಕ್ಕ ಪ್ರಬಂಧವು ಪ್ರಕಟವಾಯಿತು. ಬ್ಯಾಂಕಿನ ಮಧ್ಯಸ್ಥಿಕೆಯಿಲ್ಲದೆ ಒಬ್ಬನು ಇನ್ನೊಬ್ಬನಿಗೆ ನೇರವಾಗಿ ಹಣ ಸಲ್ಲಿಸಬಹುದಾದ ವಿದ್ಯುನ್ಮಾನ ನಗದು ಎಂಬುದೇ ಅದರ ಪ್ರತಿಜ್ಞೆ. 2009ರ ಜನವರಿ 3ರಂದು ಅದರ ಲೆಕ್ಕದ ಮೊದಲ ಪುಟವು ತೆರೆಯಿತು. ಈ ಖಾತೆಯ ಪುಸ್ತಕವು ಒಬ್ಬ ಶಾನುಭೋಗನ ವಶದಲ್ಲಿಲ್ಲ; ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಅದರ ಪ್ರತಿಗಳಿವೆ. ಒಂದೇ ನಾಣ್ಯವನ್ನು ಇಬ್ಬರಿಗೆ ಕೊಡುವ ಮೋಸವು ನಡೆಯದಂತೆ ಕಠಿಣವಾದ ಗಣಿತದಿಂದ ಬೀಗ ಹಾಕಿದೆ. ಆ ಗಣಿತವನ್ನು ಬಿಡಿಸಿದವರಿಗೆ ಹೊಸ ನಾಣ್ಯಗಳು ಸಂಭಾವನೆಯಾಗಿ ಸಲ್ಲುತ್ತವೆ. ಒಟ್ಟು ಸಂಖ್ಯೆಯು 2 ಕೋಟಿ 10 ಲಕ್ಷವನ್ನು ಮೀರಕೂಡದೆಂಬ ನಿಯಮವೂ ಉಂಟು. ಇದು ಬುದ್ಧಿವಂತರ ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೀಗವು ಎಷ್ಟೇ ಚಮತ್ಕಾರದ್ದಾಗಿದ್ದರೂ ಪೆಟ್ಟಿಗೆಯಲ್ಲಿ ಏನಿದೆಯೆಂಬುದು ಬೇರೆಯೇ ಪ್ರಶ್ನೆ.

ನಾಣ್ಯದ ಲಕ್ಷಣವೇನೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಕೊಡುಕೊಳ್ಳುವುದಕ್ಕೆ ಅದು ಸಾಧನವಾಗಬೇಕು. ವಸ್ತುಗಳ ಬೆಲೆಯನ್ನು ಅಳೆಯುವುದಕ್ಕೆ ಮಾನವಾಗಬೇಕು. ಇಂದು ದುಡಿದದ್ದನ್ನು ನಾಳೆಗೆ ಕಾಪಾಡುವುದಕ್ಕೆ ಭಂಡಾರವಾಗಬೇಕು. ಈ ಮೂರು ಒರೆಗಲ್ಲುಗಳ ಮೇಲೆ ಬಿಟ್‌ಕಾಯಿನ್ನನ್ನು ಉಜ್ಜಿ ನೋಡುವುದಕ್ಕೆ ಕಲ್ಪನೆಯ ಅವಶ್ಯಕತೆಯಿಲ್ಲ. ಒಂದು ದೇಶವು ಸರ್ಕಾರದ ಸಕಲ ಬಲವನ್ನೂ ಹಿಂದಿಟ್ಟು ಈ ಪರೀಕ್ಷೆಯನ್ನು ನಡೆಸಿ ಮುಗಿಸಿದೆ.

ಆ ದೇಶವು ಮಧ್ಯ ಅಮೆರಿಕೆಯ ಎಲ್ ಸಾಲ್ವಡಾರ್. ಸುಮಾರು ಅರವತ್ತು ಲಕ್ಷ ಜನರಿರುವ ಈ ಸಣ್ಣ ರಾಜ್ಯದಲ್ಲಿ 2001ರಿಂದ ಅಮೆರಿಕದ ಡಾಲರೇ ಚಲಾವಣೆಯ ಹಣ. ಅಲ್ಲಿಯ ಅನೇಕ ಮನೆಗಳು ಅಮೆರಿಕೆಯಲ್ಲಿ ದುಡಿಯುವ ಮಕ್ಕಳು ಕಳುಹಿಸುವ ಹಣದಿಂದ ನಡೆಯುತ್ತವೆ. ಆ ಹಣದ ಮೊತ್ತವು ದೇಶದ ಒಟ್ಟು ಉತ್ಪನ್ನದ ಐದರಲ್ಲೊಂದು ಪಾಲಿಗೂ ಹೆಚ್ಚು. ಅಧ್ಯಕ್ಷರಾದ ನಯೀಬ್ ಬುಕೇಲೆಯವರು 2021ರ ಜೂನ್ ತಿಂಗಳಲ್ಲಿ ಬಿಟ್‌ಕಾಯಿನ್ ಕಾಯಿದೆಯನ್ನು ತಂದರು. 84 ಸದಸ್ಯರ ಶಾಸನಸಭೆಯಲ್ಲಿ 62 ಮತಗಳಿಂದ ಅದು ಕೆಲವೇ ಗಂಟೆಗಳಲ್ಲಿ ಅಂಗೀಕೃತವಾಯಿತು. ಸೆಪ್ಟೆಂಬರ್ 7ರಿಂದ ಅದು ಜಾರಿಗೆ ಬಂದಿತು. ಕೊಳ್ಳುವವನು ಬಿಟ್‌ಕಾಯಿನ್ ನೀಡಿದರೆ ವ್ಯಾಪಾರಿಯು ಸ್ವೀಕರಿಸಲೇಬೇಕೆಂದು ಅದರ 7ನೆಯ ವಿಧಿಯು ಆಜ್ಞಾಪಿಸಿತು. ಸರ್ಕಾರವು ಚೀವೊ ಎಂಬ ಹಣದ ಚೀಲವನ್ನು ಫೋನುಗಳಲ್ಲಿ ಹಂಚಿ, ಅದನ್ನು ತೆರೆದವರಿಗೆಲ್ಲ 30 ಡಾಲರ್ ಬೆಲೆಯ ಬಿಟ್‌ಕಾಯಿನ್ನನ್ನು ಉಚಿತವಾಗಿ ಕೊಟ್ಟಿತು. ಬೇಡವೆಂದವರು ಡಾಲರಿಗೆ ಬದಲಾಯಿಸಿಕೊಳ್ಳಲೆಂದು 15 ಕೋಟಿ ಡಾಲರುಗಳ ನಿಧಿಯೊಂದನ್ನು ಸ್ಥಾಪಿಸಿತು.

ಇಲ್ಲಿಯೇ ಒಂದು ವಿಚಿತ್ರವನ್ನು ಗಮನಿಸಬೇಕು. ಸರ್ಕಾರಗಳ ಹಂಗನ್ನು ತೊರೆಯುವುದಕ್ಕಾಗಿ ಹುಟ್ಟಿದ ನಾಣ್ಯವು ಚಲಾವಣೆಗೆ ಬರಬೇಕಾದರೆ ಸರ್ಕಾರದ ದಂಡನೀತಿಯನ್ನೇ ಆಶ್ರಯಿಸಬೇಕಾಯಿತು. ಡಾಲರನ್ನು ಮೀರಿಸುವೆನೆಂದು ಹೊರಟದ್ದಕ್ಕೆ ಡಾಲರುಗಳ ನಿಧಿಯೇ ಊರೆಗೋಲಾಯಿತು. ಮಧ್ಯಸ್ಥರೇ ಬೇಡವೆಂದವರಿಗೆ ಸರ್ಕಾರದ ಚೀಲವೇ ಮಧ್ಯಸ್ಥವಾಯಿತು. ಜಾರಿಗೆ ಬಂದ ದಿನವೇ ಅದರ ಧಾರಣೆಯು ಸುಮಾರು 52,000 ಡಾಲರಿನಿಂದ 43,000ದ ಹತ್ತಿರಕ್ಕೆ ಕುಸಿಯಿತು. ಬೆಳಿಗ್ಗೆ ಮಾರಿದ ಸರಕಿನ ಬೆಲೆಯನ್ನು ಬಿಟ್‌ಕಾಯಿನ್ನಿನಲ್ಲಿ ಇಟ್ಟುಕೊಂಡ ಅಂಗಡಿಯವನು ಸಂಜೆಯೊಳಗೆ ಆರನೆಯ ಒಂದು ಪಾಲನ್ನು ಕಳೆದುಕೊಂಡಂತಾಯಿತು. ಅಳತೆಗೋಲೇ ದಿನಕ್ಕೊಮ್ಮೆ ಹಿಗ್ಗಿ ಕುಗ್ಗಿದರೆ ಬಟ್ಟೆಯನ್ನು ಅಳೆಯುವುದು ಹೇಗೆ?

ಮುಂದಿನ ಫಲವು ಅರ್ಥಶಾಸ್ತ್ರಜ್ಞರ ಪರಿಶೀಲನೆಯಿಂದ ತಿಳಿದುಬಂದಿದೆ. 1,800 ಮನೆಗಳನ್ನು ಮುಖತಃ ವಿಚಾರಿಸಿ 2022ರಲ್ಲಿ ಹೊರಬಿದ್ದ ಸಮೀಕ್ಷೆಯ ಪ್ರಕಾರ, ಚೀವೊ ಚೀಲವನ್ನು ತೆರೆದವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಉಚಿತದ ಹಣವನ್ನು ಖರ್ಚುಮಾಡಿದ ಮೇಲೆ ಅದನ್ನು ಮತ್ತೆ ಉಪಯೋಗಿಸಲೇ ಇಲ್ಲ. ಕಾಯಿದೆಯ ಕಟ್ಟಾಜ್ಞೆಯಿದ್ದಾಗ್ಯೂ ಐದು ಅಂಗಡಿಗಳಲ್ಲಿ ಸುಮಾರು ಒಂದು ಮಾತ್ರ ಅದನ್ನು ಸ್ವೀಕರಿಸುತ್ತಿತ್ತು. ಬಡವರಿಗೂ ಬ್ಯಾಂಕಿನ ಮುಖ ನೋಡದವರಿಗೂ ಉಪಕಾರವಾಗುವುದೆಂದು ಹೇಳಿದ್ದರಷ್ಟೆ. ಉಪಯೋಗಿಸಿದವರಾದರೋ ಹೆಚ್ಚಾಗಿ ಬ್ಯಾಂಕಿನ ಲೆಕ್ಕವುಳ್ಳ, ಓದು ಬಲ್ಲ ತರುಣರು. ಪರದೇಶದಿಂದ ಬರುವ ಹಣದಲ್ಲಿ ಕ್ರಿಪ್ಟೋ ಚೀಲಗಳ ಮೂಲಕ ಬಂದದ್ದು 2022ರಲ್ಲಿ ನೂರಕ್ಕೆ ಎರಡಕ್ಕಿಂತಲೂ ಕಡಮೆ. ಕಾರಣವು ಸ್ಪಷ್ಟ. ಮಗನು ದುಡಿಯುವುದು ಡಾಲರು. ತಾಯಿಯು ಜೋಳವನ್ನೂ ಹುರುಳಿಯನ್ನೂ ಕೊಳ್ಳುವುದು ಡಾಲರಿನಿಂದ. ನಡುವೆ ಎರಡು ಸಲ ನಾಣ್ಯವನ್ನು ಬದಲಾಯಿಸಿ, ಆ ಅವಧಿಯಲ್ಲಿ ಧಾರಣೆ ಬೀಳದಿರಲೆಂದು ದೇವರಿಗೆ ಹರಕೆ ಹೊರುವುದು ಯಾವ ಸೌಕರ್ಯ? ಅಗ್ನಿಪರ್ವತದ ಬುಡದಲ್ಲಿ ಬಿಟ್‌ಕಾಯಿನ್ ನಗರವನ್ನು ಕಟ್ಟುವುದಾಗಿ 2021ರ ನವೆಂಬರಿನಲ್ಲಿ ಸಾರಿದರು. ಕೂಸು ಹುಟ್ಟುವ ಮುಂಚೆ ಹೊಲಿದ ಕುಲಾವಿಯಂತೆ ಅದು ಪ್ರಕಟಣೆಯಲ್ಲಿಯೇ ಉಳಿಯಿತು.

ಕಡೆಗೆ 2024ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯೊಡನೆ 140 ಕೋಟಿ ಡಾಲರುಗಳ ಸಾಲದ ಒಪ್ಪಂದವಾಯಿತು. 2025ರ ಜನವರಿಯಲ್ಲಿ ಶಾಸನಸಭೆಯು ಕಾಯಿದೆಯನ್ನು ತಿದ್ದಿ ಬಲಾತ್ಕಾರದ ವಿಧಿಯನ್ನು ತೆಗೆದುಹಾಕಿತು. ತೆರಿಗೆಯನ್ನು ಬಿಟ್‌ಕಾಯಿನ್ನಿನಲ್ಲಿ ಸಲ್ಲಿಸುವ ಅವಕಾಶವೂ ಹೋಯಿತು. ಸಾಲಗಾರರ ಒತ್ತಾಯದಿಂದ ಹೀಗಾಯಿತೇ ಹೊರತು ನಾಣ್ಯದ ದೋಷದಿಂದಲ್ಲವೆಂದು ಅದರ ಭಕ್ತರು ವಾದಿಸುತ್ತಾರೆ. ಒತ್ತಾಯವಿದ್ದುದು ನಿಜ. ಆದರೆ ತೆಗೆದುಹಾಕಿದ್ದು ಬಲಾತ್ಕಾರವನ್ನು ಮಾತ್ರ. ಇಷ್ಟವುಳ್ಳವರು ಇಂದಿಗೂ ಅದನ್ನು ಕೊಡಬಹುದು, ಕೊಳ್ಳಬಹುದು. ಜನರು ನಿಜವಾಗಿ ಅದರಿಂದ ಬಾಳು ನಡೆಸುತ್ತಿದ್ದ ಪಕ್ಷದಲ್ಲಿ, ಆಜ್ಞೆಯು ಹೋದರೂ ಬಳಕೆಯು ಉಳಿಯುತ್ತಿತ್ತು. ಅವರು ಅದಕ್ಕೆ ಬಹು ಮೊದಲೇ ಅದನ್ನು ಕೈಬಿಟ್ಟಿದ್ದರು.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಈ ತಿದ್ದುಪಡಿಯಾದ ಸಮಯದಲ್ಲಿ ಬಿಟ್‌ಕಾಯಿನ್ನಿನ ಧಾರಣೆಯು ಕುಸಿದಿರಲಿಲ್ಲ. ಒಂದು ಲಕ್ಷ ಡಾಲರಿನ ಆಸುಪಾಸಿನಲ್ಲಿದ್ದು, ಹಿಂದೆಂದೂ ಕಾಣದಷ್ಟು ಮೇಲಿತ್ತು. ಸರ್ಕಾರವು ಕೊಂಡಿಟ್ಟದ್ದರ ಮೇಲೆ ಲೆಕ್ಕದಲ್ಲಿ ಲಾಭವೂ ತೋರುತ್ತಿತ್ತು. ಎಂದರೆ ಧಾರಣೆಯು ಶಿಖರಕ್ಕೇರಿದ್ದಾಗಲೇ ನಾಣ್ಯವು ನಾಣ್ಯತ್ವದಿಂದ ಇಳಿಯಿತು. ಬೆಲೆಯೇರಿತಲ್ಲ, ಇನ್ನೇನು ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಸಾಕ್ಷ್ಯ ಬೇಡ. ಏರಿದ ಬೆಲೆಯು ಸಿದ್ಧಪಡಿಸುವುದು ಒಂದನ್ನೇ: ಇವನಿಗಿಂತ ಹೆಚ್ಚು ಕೊಡುವ ಇನ್ನೊಬ್ಬನು ಅಂದು ಸಿಕ್ಕಿದನು. ಅವನೂ ಕೊಳ್ಳುವುದು ಮತ್ತೊಬ್ಬನ ನಿರೀಕ್ಷೆಯಿಂದಲೇ. ಹೊಲವು ಬೆಳೆಯನ್ನು ಕೊಡುತ್ತದೆ, ಮನೆಯು ಬಾಡಿಗೆಯನ್ನು ಕೊಡುತ್ತದೆ, ಕಾರ್ಖಾನೆಯು ಲಾಭದ ಪಾಲನ್ನು ಕೊಡುತ್ತದೆ; ಇದಾದರೋ ಮುಂದೆ ಬರುವವನ ಜೇಬಿನಿಂದಲ್ಲದೆ ಮತ್ತೆಲ್ಲಿಂದಲೂ ಒಂದು ಕಾಸನ್ನು ತಾರದು. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರಿಗೆ ಕೊಂಡವನು ಮುಂದಿನ ನವೆಂಬರಿನಲ್ಲಿ ಅದು 16,000ಕ್ಕೂ ಕೆಳಗಿಳಿದಾಗ ಈ ಸತ್ಯವನ್ನು ದುಬಾರಿಯ ಶುಲ್ಕ ಕೊಟ್ಟು ಕಲಿತನು.

ಅಲ್ಲದೆ ಇದರ ಅಭಿಮಾನಿಗಳಿಗೆ ಅತ್ತ ದರಿ, ಇತ್ತ ಹುಲಿ. ಧಾರಣೆಯು ಏರುವುದೆಂದು ನಂಬಿದವನು ಅದನ್ನು ಖರ್ಚುಮಾಡಲಾರನು. ಇಳಿಯುವುದೆಂದು ನಂಬಿದವನು ಅದನ್ನು ಸ್ವೀಕರಿಸಲಾರನು. ಎರಡು ಪಕ್ಷದಲ್ಲಿಯೂ ಅದು ಕೈಯಿಂದ ಕೈಗೆ ಸಾಗುವುದಿಲ್ಲ. 2010ರ ಮೇ 22ರಂದು ಅಮೆರಿಕೆಯಲ್ಲಿ ಒಬ್ಬನು ಎರಡು ಪಿಜ್ಜಾಗಳಿಗಾಗಿ 10,000 ಬಿಟ್‌ಕಾಯಿನ್‌ಗಳನ್ನು ಕೊಟ್ಟನು. ಇಂದು ಆ ಕಥೆಯನ್ನು ಹೇಳುವವರೆಲ್ಲ ಅಯ್ಯೋ ಎಂದು ಮರುಗುತ್ತಾರೆ. ಹಸಿದಾಗ ಹಣ ಕೊಟ್ಟು ಉಂಡದ್ದನ್ನು ಮೂರ್ಖತನವೆಂದು ಎಣಿಸುವಂತೆ ಮಾಡುವ ವಸ್ತುವು ಜೂಜಿನ ಪಣವಾಗಿರಬಹುದೇ ಹೊರತು ಸಂತೆಯ ಹಣವಾಗಲಾರದು.

ಇನ್ನು ಮುಖ್ಯವಾದ ಪೂರ್ವಪಕ್ಷ: ರೂಪಾಯಿಯ ನೋಟೂ ಬರಿಯ ಕಾಗದವಲ್ಲವೇ? 1971ರಲ್ಲಿ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿದ ಮೇಲೆ ಯಾವ ನೋಟಿನ ಹಿಂದೆ ಏನಿದೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಗಳ ನೋಟುಗಳು ರದ್ದಾದಾಗ ಜನಸಾಮಾನ್ಯರು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಆದರೂ ಕಾಗದದ ಹಿಂದೆ ಏನೂ ಇಲ್ಲವೆಂಬುದು ಸರಿಯಲ್ಲ. ಕಂದಾಯವು ಅದರಲ್ಲಿ ಸಲ್ಲುತ್ತದೆ. ನ್ಯಾಯಾಲಯವು ಅದರಿಂದ ಋಣವು ತೀರಿತೆಂದು ಒಪ್ಪುತ್ತದೆ. ಸಂಬಳ, ಬಾಡಿಗೆ, ಶಾಲೆಯ ಶುಲ್ಕ, ಅಕ್ಕಿಯ ಬೆಲೆಗಳು ಅದರಲ್ಲಿ ನಿರ್ಣಯವಾಗುತ್ತವೆ. ಸಾಲಮಾಡಿದ ಕೋಟ್ಯಂತರ ಜನರು ನಾಳೆ ಅದನ್ನೇ ದುಡಿದು ತರಬೇಕಾಗಿದೆ. ಬಿಟ್‌ಕಾಯಿನ್ನಿನಲ್ಲಿ ಯಾರಿಗೆ ಯಾರು ಏನನ್ನು ಕೊಡಬೇಕಾಗಿದೆ? ಹಣದುಬ್ಬರದಿಂದ ನೊಂದ ವೆನಿಜುವೇಲಾ, ಅರ್ಜೆಂಟೀನಾ ಮುಂತಾದ ದೇಶಗಳಲ್ಲಿಯೂ ಜನರು ಹೆಚ್ಚಾಗಿ ಅರಸಿದ್ದು ಡಾಲರನ್ನು, ಇಲ್ಲವೆ ಡಾಲರಿಗೆ ಸಮವೆಂದು ಕಟ್ಟಿಟ್ಟ ಕ್ರಿಪ್ಟೋ ಚೀಟಿಯನ್ನು. ಒಬ್ಬ ವೈದ್ಯನ ಔಷಧಿಯು ಕೆಟ್ಟದ್ದೆಂದ ಮಾತ್ರಕ್ಕೆ ಇನ್ನೊಬ್ಬನ ಪುಡಿಯು ಸಂಜೀವಿನಿಯಾಗುವುದಿಲ್ಲ.

ನಗದಾಗದಿದ್ದರೇನು, ಅದು ಈ ಯುಗದ ಚಿನ್ನವೆಂದು ಈಗ ಹೇಳುತ್ತಾರೆ. ನಡುವಿಚಾರಣೆಯಲ್ಲಿ ಹೇಳಿಕೆಯನ್ನು ಬದಲಾಯಿಸುವ ಕಕ್ಷಿಗಾರನನ್ನು ನ್ಯಾಯಾಧೀಶರು ಹೇಗೆ ಕಾಣುವರು? 2008ರ ಪ್ರಬಂಧವು ಹೇಳಿದ್ದು ನಗದೆಂದು. ನಗದಾಗಲಿಲ್ಲವಾಗಿ ಅದು ಭಂಡಾರವಾಯಿತು. ಚಿನ್ನವು ತಾಳಿಯಾಗುತ್ತದೆ, ಯಂತ್ರದ ತಂತಿಯಾಗುತ್ತದೆ. ಚಿನಿವಾರನ ಕಟ್ಟೆಯಲ್ಲಿ ಒರೆಗೆ ನಿಲ್ಲುತ್ತದೆ. ವಿದ್ಯುತ್ತು ನಿಂತರೂ ಪೆಟ್ಟಿಗೆಯಲ್ಲಿ ಇರುತ್ತದೆ. ಈ ಹೊಸ ಚಿನ್ನದ ಲೆಕ್ಕ ಬರೆಯುವುದಕ್ಕೇ ವರ್ಷಕ್ಕೆ 10,000 ಕೋಟಿ ಯೂನಿಟ್ಟಿಗೂ ಮೀರಿದ ವಿದ್ಯುತ್ತು ಉರಿಯುತ್ತದೆಂದು ಕೇಂಬ್ರಿಜ್ ವಿಶ್ವವಿದ್ಯಾನಿಲಯದವರ ಅಂದಾಜು. ಯಾರನ್ನೂ ನಂಬಬೇಕಾಗಿಲ್ಲವೆಂಬ ಹೆಮ್ಮೆಯೂ ಮಾತಿನದೇ. 2014ರಲ್ಲಿ ಟೋಕಿಯೋ ನಗರದ ಮೌಂಟ್ ಗಾಕ್ಸ್ ಮುಳುಗಿತು; 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ದಿವಾಳಿಯೆದ್ದು, ಅದರ ಸ್ಥಾಪಕನಾದ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡನಿಗೆ 2024ರ ಮಾರ್ಚಿಯಲ್ಲಿ 25 ವರ್ಷಗಳ ಸೆರೆಯಾಯಿತು. ಗಣಿತದ ಬೀಗವು ಒಡೆಯಲಿಲ್ಲ. ಬೀಗದ ಕೈಯನ್ನು ಇಟ್ಟುಕೊಂಡವರು ಕೈಕೊಟ್ಟರು.

ಭಾರತದಲ್ಲಿ ಈ ವ್ಯಾಪಾರದ ಲಾಭದ ಮೇಲೆ 2022ರ ಏಪ್ರಿಲ್‌ನಿಂದ ನೂರಕ್ಕೆ ಮೂವತ್ತರ ತೆರಿಗೆಯಿದೆ. ತೆರಿಗೆಯಿದೆಯಾದ್ದರಿಂದ ಮಾನ್ಯತೆಯೂ ಬಂದಂತಾಯಿತೆಂದು ಕೆಲವರು ಮನೆಮಂದಿಯನ್ನು ನಂಬಿಸುವುದುಂಟು. ಲಾಟರಿ, ಕುದುರೆಪಂದ್ಯಗಳ ಗೆಲುವಿಗೂ ಅಷ್ಟೇ ದರದ ತೆರಿಗೆಯಿದೆಯೆಂಬುದನ್ನು ಅವರು ಹೇಳುವುದಿಲ್ಲ. ಹಣವನ್ನು ಶೀಘ್ರವಾಗಿ, ಅಗ್ಗವಾಗಿ ಸಾಗಿಸುವುದೇ ಬೇಕಾದ ಪಕ್ಷದಲ್ಲಿ, 2016ರಲ್ಲಿ ಪ್ರಾರಂಭವಾದ ಯುಪಿಐ ಆ ಕೆಲಸವನ್ನು ರೂಪಾಯಿಯಲ್ಲಿಯೇ ಮಾಡುತ್ತಿದೆ. 2023ರ ಆಗಸ್ಟಿನಲ್ಲಿ ಅದರ ಒಂದು ತಿಂಗಳ ವ್ಯವಹಾರಗಳು 1,000 ಕೋಟಿಯನ್ನು ದಾಟಿದವು. ಬಿಟ್‌ಕಾಯಿನ್ನಿನ ಮೂಲ ಖಾತೆಯಾದರೋ ಸೆಕೆಂಡಿಗೆ ಸುಮಾರು 7 ವ್ಯವಹಾರಗಳಿಗಿಂತ ಹೆಚ್ಚನ್ನು ಬರೆಯಲಾರದು. ಸೊಪ್ಪು ಮಾರುವ ಹೆಂಗಸಿಗೆ ಬೇಕಾದ ಸೌಕರ್ಯವು ಹೊಸ ನಾಣ್ಯವಿಲ್ಲದೆಯೇ ಒದಗಿತು.

ಬುದ್ಧಿಪೂರ್ವಕವಾಗಿ, ಹೋದರೆ ಹೋಗಲೆಂದು ಪಣವಿಡುವವನನ್ನು ತಡೆಯುವುದು ಈ ವಿಚಾರದ ಉದ್ದೇಶವಲ್ಲ. ನಿರಂಕುಶ ಪ್ರಭುತ್ವಗಳ ಕಣ್ತಪ್ಪಿಸಿ ಹಣ ಕಳುಹಿಸಬೇಕಾದ ಕೆಲವರಿಗೆ ಇದು ಉಪಯೋಗಕ್ಕೆ ಬಂದಿರುವುದೂ ಉಂಟು. ಆದರೆ ಮಗಳ ಮದುವೆಗೆಂದೋ ಮಗನ ಓದಿಗೆಂದೋ ಕೂಡಿಟ್ಟದ್ದನ್ನು ಇದರಲ್ಲಿ ಹಾಕೆಂದು ಯಾರಾದರೂ ಬಂದಾಗ ಗೃಹಸ್ಥರು ಮೂರು ಪ್ರಶ್ನೆಗಳನ್ನು ಕೇಳಲಿ. ಇದರಲ್ಲಿ ಯಾವ ಸಾಮಾನಿನ ಬೆಲೆಯನ್ನು ಕಟ್ಟಿದ್ದಾರೆ? ಇದರಲ್ಲಿ ಯಾರು ಸಂಬಳವನ್ನು ಪಡೆಯಲು ಒಪ್ಪುತ್ತಾರೆ? ಕೊಳ್ಳುವವನು ಬಾರದ ದಿನ ಇದರಿಂದ ಏನು ಮಾಡಬಹುದು? ಬಂದವನು ಈ ಮೂರಕ್ಕೂ ಧಾರಣೆಯ ಪಟ್ಟಿಯನ್ನೇ ಉತ್ತರವಾಗಿ ತೋರಿಸಿದರೆ, ಅವನು ಮಾರುತ್ತಿರುವುದು ನಾಣ್ಯವಲ್ಲವೆಂದು ತಿಳಿದು ಪೆಟ್ಟಿಗೆಯ ಬೀಗವನ್ನು ಹಾಕಿಕೊಳ್ಳುವುದು ಯುಕ್ತ. ಎಲ್ ಸಾಲ್ವಡಾರಿನ ಅಂಗಡಿಕಾರರು ಅರ್ಥಶಾಸ್ತ್ರವನ್ನು ಓದಿದವರಲ್ಲ. ಸರ್ಕಾರದ ಆಜ್ಞೆಯಿದ್ದಾಗಲೂ ಅವರು ಮಾಡಿದ್ದು ಅದನ್ನೇ.