ಮಗ್ಗ ನಿಂತಾಗ ಹಾರ್ಮೋನಿಯಂ

ದೊಡ್ಡಬಳ್ಳಾಪುರದ ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಅಡಗಿತೆಂದರೆ ಊರಿಗೇ ಏನೋ ಆಗಿದೆಯೆಂದು ತಿಳಿಯಬೇಕು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ನಿಮಿತ್ತ ದೇಶವೆಲ್ಲ ಬಾಗಿಲಿಕ್ಕಿದಾಗ ಹಾಗೆಯೇ ಆಯಿತು. ನೇಯ್ದ ಸೀರೆಗಳು ಮಾರಾಟವಾಗದೆ ಉಳಿದವು. ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಮಗ್ಗ ನಿಂತ ದಿನವೇ ಅನ್ನದ ದಾರಿಯೂ ನಿಂತಿತು. ಇಂಥವನ ನಿರುದ್ಯೋಗಕ್ಕೆ ಸಾಮಾನ್ಯವಾಗಿ ಒಂದು ಕಾಗದದ ಸಾಕ್ಷಿಯೂ ಇರುವುದಿಲ್ಲ.

ಈ ಸೀಮೆಯ ಶ್ರಮಜೀವಿಗಳಿಗೆ ಪೌರಾಣಿಕ ನಾಟಕದ ಗೀಳು ಹಳೆಯದು. ಹಗಲೆಲ್ಲ ದುಡಿದು, ರಾತ್ರಿ ಹಾರ್ಮೋನಿಯಂ ಮೇಷ್ಟರ ಮುಂದೆ ಕುಳಿತು ಕಂದಪದ್ಯ ಕಲಿತವರು ಅನೇಕರು. ಕೆಲಸ ಹೋದವನು ಹಾಡುತ್ತ ಕುಳಿತರೆ ನೆರೆಯವರು ನಗುತ್ತಾರೆ, ಮನೆಯವರು ಸಿಡುಕುತ್ತಾರೆ. ಸಿಡುಕಿನಲ್ಲಿ ನ್ಯಾಯವೂ ಇಲ್ಲದಿಲ್ಲ. ಹವ್ಯಾಸಿ ನಾಟಕಗಳಲ್ಲಿ ಪಾತ್ರಕ್ಕೆ ನಟನೇ ಹಣ ತೆರುವ ರೂಢಿಯುಂಟು. ಕೃಷ್ಣ, ದುರ್ಯೋಧನರಿಗೆ ದರವೂ ಹೆಚ್ಚು! ಸಾಲ ಮಾಡಿ ಕಿರೀಟ ಧರಿಸುವುದು ಕೂಲಿಯಿಲ್ಲದ ಕಾಲಕ್ಕಂತೂ ಸರ್ವಥಾ ಸಲ್ಲದು.

ಆದರೆ ಪಾತ್ರವನ್ನು ಕೊಳ್ಳುವುದು ಬೇರೆ, ಪದ್ಯವನ್ನು ಹಾಡುವುದು ಬೇರೆ. ಕಾಯಕ ತಪ್ಪಿದವನಿಗೆ ಮೊದಲು ಕೆಡುವುದು ದಿನದ ಕ್ರಮ. ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬಲ್ಲಿ ಬಟ್ಟೆಯ ಗಿರಣಿ ಮುಚ್ಚಿದ ಮೇಲೆ ನಡೆದ ಅಧ್ಯಯನವೊಂದು 1933ರಲ್ಲಿ ಪ್ರಕಟವಾಯಿತು. ಬಿಡುವು ಬೇಕಾದಷ್ಟಿದ್ದರೂ ಅಲ್ಲಿನ ಗ್ರಂಥಾಲಯದಿಂದ ಎರವಲು ಹೋಗುವ ಪುಸ್ತಕಗಳು ಕಡಿಮೆಯಾಗಿದ್ದವು. ಹವ್ಯಾಸವೂ ತಾನಾಗಿ ಉಳಿಯದು. ಸಂಜೆ ಇಂಥ ಹೊತ್ತಿಗೆ ಶ್ರುತಿ ಹಿಡಿಯಬೇಕು, ನಾಲ್ವರು ಕಾದಿರುತ್ತಾರೆ ಎಂಬ ಕಟ್ಟಿದ್ದರೆ ಅದು ಅಷ್ಟಿಷ್ಟು ಉಳಿದೀತು.

ಸಂಜೆ ಬರಿದಾಗುವ ಶಾಲಾ ಸಭಾಂಗಣಗಳನ್ನು ಅಂಥ ದಿನಗಳಲ್ಲಿ ತಾಲೀಮಿಗೆ ತೆರೆದಿಡಬಹುದು. ಅಕ್ಕಿ ಹಂಚಲು ಹೋದ ದಾನಿಗಳು ಮೂಲೆಯಲ್ಲಿ ಹಾರ್ಮೋನಿಯಂ ಕಂಡೊಡನೆ, ಇದನ್ನೇಕೆ ಮಾರಲಿಲ್ಲವೆಂದು ಕೇಳದಿರಲಿ.